ಖಾನಾಪುರ ಸೀಮೆಯ ಸಾಮಿಲ್ ಮಾದರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಂಚಿನ ಒಂದು ಸಾಮಿಲ್ಲನ್ನು ಅಳತೆ ತಪ್ಪದಂತೆ ಚಿಕ್ಕದಾಗಿ ಕಟ್ಟಿ, ಅದರ ಮೇಲೆ ಮಳೆ, ಬಿಸಿಲು, ಹೊಟ್ಟು, ಎಣ್ಣೆ ಬಿಟ್ಟುಹೋಗುವ ಗುರುತುಗಳನ್ನು ಮೂಡಿಸಲು ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳೆಲ್ಲ ಬೆಳಗಾವಿ ಜಿಲ್ಲೆಯ ಖಾನಾಪುರ, ಲೋಂಡಾ, ನಾಗರಗಾಳಿ ಕಡೆಯ ಕಟ್ಟಿಗೆ ಅಡ್ಡೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ವಿಜಯಪುರ, ಬಾಗಲಕೋಟೆಯವರು ಬದಲಾಯಿಸಿಕೊಳ್ಳಬೇಕಾದುದನ್ನು ಆಯಾ ಜಾಗದಲ್ಲಿಯೇ ಹೇಳಿದೆ.

ಬೇರೆ ಕಟ್ಟಡಗಳನ್ನು ಬಿಟ್ಟು ಸಾಮಿಲ್ಲನ್ನೇ ಏಕೆ ಆರಿಸಿಕೊಳ್ಳಬೇಕು?

ಸಾಮಿಲ್ಲಿನಲ್ಲಿ ಕೆಲಸ ಸಾಗುವ ದಾರಿ ಕಣ್ಣಿಗೆ ಕಾಣುತ್ತದೆ. ಒಂದು ಬದಿಯಲ್ಲಿ ಲಾರಿಯಿಂದ ದಿಮ್ಮಿ ಇಳಿಯುತ್ತದೆ, ಟ್ರಾಲಿ ಏರುತ್ತದೆ, ಗರಗಸಕ್ಕೆ ಎದುರಾಗುತ್ತದೆ, ಇನ್ನೊಂದು ಬದಿಯಲ್ಲಿ ತೊಲೆ, ಜಂತಿ, ಹಲಗೆ, ರೀಪುಗಳಾಗಿ ಹೊರಗೆ ಬರುತ್ತದೆ. ಸೀಳಿದ ಅಂಚುಗಳು ಒಂದೆಡೆ, ಹೊಟ್ಟು ಇನ್ನೊಂದೆಡೆ ಗುಡ್ಡೆಯಾಗುತ್ತವೆ. ಶೆಡ್ಡಿಗೆ ಗೋಡೆಗಳು ಕಡಿಮೆಯಾದ್ದರಿಂದ ಒಳಗೆ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಂದು ಬೆಳಿಗ್ಗೆ ಕೊಯ್ದ ಹಲಗೆಯ ಹೊಂಬಣ್ಣವೂ ಹಲವು ಮಳೆಗಾಲ ಕಂಡ ಕಂಬದ ಬೂದಿಬಣ್ಣವೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ಸಿಗುವ ಜಾಗ ಇದು. ಅಮೆರಿಕದಲ್ಲಿ ಜಾರ್ಜ್ ಸೆಲಿಯೋಸ್ ಅವರು 1967ರಲ್ಲಿ ಫೈನ್ ಸ್ಕೇಲ್ ಮಿನಿಯೇಚರ್ಸ್ ಆರಂಭಿಸಿ, ಕಟ್ಟಿಗೆಯ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸುವ ಕಿಟ್‌ಗಳಿಗೆ ದೊಡ್ಡ ಹೆಸರು ತಂದರು. ಅಂಥ ಕೈಕೆಲಸಕ್ಕೆ ಸಾಮಿಲ್ಲಿಗಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಯಾವ ಸ್ಕೇಲ್ ಒಳ್ಳೆಯದು?

ರೈಲು ಮಾದರಿಯ ಪಕ್ಕದಲ್ಲಿ ಇಡುವುದಾದರೆ ಎಚ್‌ಒ, ಅಂದರೆ ನಿಜದ ಅಳತೆಯ 87ರಲ್ಲಿ ಒಂದು ಪಾಲು, 1:87. ಇದರಲ್ಲಿ ಒಂದು ಅಡಿ 3.5 ಮಿ.ಮೀ. ಆಗುತ್ತದೆ, 60 ಅಡಿ ಉದ್ದ, 30 ಅಡಿ ಅಗಲದ ಶೆಡ್ಡು 210 ಮಿ.ಮೀ. ಉದ್ದ, 105 ಮಿ.ಮೀ. ಅಗಲದಲ್ಲಿ ಕೂರುತ್ತದೆ. ಯಂತ್ರಗಳ ಒಳಗೆಲಸದಲ್ಲಿಯೇ ಆಸಕ್ತಿ ಇರುವವರಿಗೆ 1:48 ಹೆಚ್ಚು ಒಗ್ಗುತ್ತದೆ. ಅಲ್ಲಿ ಒಂದು ಅಡಿಗೆ ಕಾಲು ಇಂಚು, ಅದೇ ಶೆಡ್ಡಿಗೆ 15 ಇಂಚು ಉದ್ದ, ಏಳೂವರೆ ಇಂಚು ಅಗಲ. ಮೊದಲ ಮಾದರಿಗೆ 1:48 ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಕಟ್ಟಿಗೆಯ ಎಳೆಯನ್ನು ಕೈಯಿಂದ ಮೂಡಿಸುವ ಅಭ್ಯಾಸ ಆ ಅಳತೆಯಲ್ಲಿ ಬೇಗ ಕೂಡಿಬರುತ್ತದೆ.

ಹಳಿ ಇಡುವವರು ಒಂದು ವಿಷಯ ಗಮನಿಸಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ.; ಅದು 1435 ಮಿ.ಮೀ. ಹಳಿಯ ಪ್ರತಿರೂಪ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಆದ್ದರಿಂದ ಅದು 19.2 ಮಿ.ಮೀ. ಆಗಬೇಕಿತ್ತು. ಆದರೆ ಲೋಂಡಾದಿಂದ ಬೆಳಗಾವಿ ಮೂಲಕ ಮಿರಜಿಗೆ ಹೋಗುವ ಮಾರ್ಗ 1990ರ ದಶಕದವರೆಗೆ ಮೀಟರ್ ಗೇಜ್ ಆಗಿತ್ತು. ಆ ಕಾಲವನ್ನು ಆರಿಸಿಕೊಂಡರೆ 12 ಮಿ.ಮೀ.ಯ ಹಳಿ ಹೆಚ್ಚುಕಡಿಮೆ ಸರಿಯಾಗಿ ಹೊಂದುತ್ತದೆ.

ಮಾದರಿಗೆ ಒಂದು ಕಾಲವನ್ನು ನಿಗದಿ ಮಾಡಲೇಬೇಕೆ?

ಮಾಡಬೇಕು. ಕಾಲ ಗೊತ್ತಿಲ್ಲದ ಮಾದರಿಯಲ್ಲಿ ಬೆಲ್ಟಿನಿಂದ ಓಡುವ ಆಯಿಲ್ ಎಂಜಿನ್ನಿನ ಪಕ್ಕದಲ್ಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಬಂದು ಕೂರುತ್ತದೆ. 12 ಡಿಸೆಂಬರ್ 1996ರಂದು, ಕಾಡುಗಳ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶವು, ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅರಣ್ಯದೊಳಗೆ ನಡೆಯುವ ಸಾಮಿಲ್ ಸೇರಿದಂತೆ ಅರಣ್ಯೇತರ ಚಟುವಟಿಕೆಗಳೆಲ್ಲ ತಕ್ಷಣ ನಿಲ್ಲಬೇಕೆಂದು ಹೇಳಿತು. ಆದ್ದರಿಂದ ಕಾಡಿನ ನಡುವಿನ ಮಿಲ್ ಕಟ್ಟುವವರು ಅದಕ್ಕೂ ಹಿಂದಿನ ಕಾಲವನ್ನು ಆರಿಸಿಕೊಳ್ಳುವುದು ನ್ಯಾಯ. ಊರೊಳಗಿನ ಅಥವಾ ರಸ್ತೆ ಬದಿಯ ಮಿಲ್ ಕಟ್ಟುವವರಿಗೆ ಈ ಕಟ್ಟು ಇಲ್ಲ. 1970 ಅಥವಾ 1980ರ ದಶಕ ಬಹಳ ಅನುಕೂಲ: ಪತ್ರಾಸವೂ (ಚಾವಣಿಗೆ ಹೊದಿಸುವ ಉಬ್ಬುತಗ್ಗಿನ ತಗಡು) ಹಂಚೂ ಕೂಡಿಯೇ ಇರುತ್ತವೆ, ಲಾರಿಯೂ ಚಕ್ಕಡಿಯೂ ಒಂದೇ ಅಂಗಳದಲ್ಲಿ ನಿಂತರೆ ಯಾರೂ ಆಕ್ಷೇಪಿಸಲಾರರು.

ನಿಜವಾದ ಮಿಲ್ ನೋಡಲು ಹೋದಾಗ ಏನನ್ನು ಬರೆದುಕೊಳ್ಳಬೇಕು?

ಮಾಲೀಕರ ಅಪ್ಪಣೆ ಪಡೆದು, ಯಂತ್ರ ನಿಂತ ಹೊತ್ತಿನಲ್ಲಿ ಹೋಗಬೇಕು. ಕಂಬದಿಂದ ಕಂಬಕ್ಕೆ ಇರುವ ಅಂತರ, ಚಾವಣಿಯ ಅಂಚಿನ ಎತ್ತರ, ಟ್ರಾಲಿಯ ಹಳಿಯ ಅಗಲ, ಗರಗಸದ ಚಕ್ರದ ವ್ಯಾಸ, ಇಷ್ಟನ್ನು ಅಳೆದರೆ ಮಿಕ್ಕದ್ದು ಫೋಟೊದಿಂದ ಸಿಗುತ್ತದೆ. ಆದರೆ ಅಳತೆಗಿಂತ ಹೆಚ್ಚಾಗಿ ಗುರುತುಗಳನ್ನು ಬರೆದುಕೊಳ್ಳಿ. ಯಾವ ಕಂಬಕ್ಕೆ ಕೈ ತಾಗಿ ತಾಗಿ ನುಣುಪು ಬಂದಿದೆ, ಹೊಟ್ಟು ಯಾವ ತೊಲೆಯ ಮೇಲೆ ಕೂತಿದೆ, ಚಾವಣಿಯ ನೀರು ಬಿದ್ದು ನೆಲದಲ್ಲಿ ಎಲ್ಲಿ ಗೀರು ಕೊರೆದಿದೆ, ಯಾವ ಬದಿಗೆ ಮಳೆಗಾಲದ ತಟ್ಟಿ ಕಟ್ಟುತ್ತಾರೆ: ಇವೇ ಮುಂದೆ ಬಣ್ಣ ಹಚ್ಚುವಾಗ ಕೈಹಿಡಿದು ನಡೆಸುವ ಸಂಗತಿಗಳು.

ವಿದೇಶಿ ಕಿಟ್‌ಗಳಲ್ಲಿರುವ ದಿಮ್ಮಿಯ ಕೊಳ ಮತ್ತು ಗೋಪುರದಂಥ ಸುಡುವ ಒಲೆಯನ್ನು ನಾವೂ ಮಾಡಬೇಕೆ?

ಬೇಡ. ಅಮೆರಿಕದ ದೊಡ್ಡ ಮಿಲ್ಲುಗಳು ದಿಮ್ಮಿಗಳನ್ನು ಕೊಳದಲ್ಲಿ ತೇಲಿಬಿಡುತ್ತಿದ್ದವು. ಅದರಿಂದ ಸಾಗಣೆ ಹಗುರವಾಗುತ್ತಿತ್ತು, ಗರಗಸದ ಹಲ್ಲು ಕೆಡಿಸುವ ಮಣ್ಣುಮರಳು ತೊಳೆದುಹೋಗುತ್ತಿತ್ತು, ದಿಮ್ಮಿ ಒಣಗಿ ಬಿರಿಯುತ್ತಿರಲಿಲ್ಲ. ಅಲ್ಲಿನ ಕೋನಿಫರ್ (ಪೈನ್‌ನಂಥ) ಮರಗಳು ಹಗುರವಾದವು. ಹಸಿ ಸಾಗವಾನಿ ತೇಲುವುದು ದುಸ್ತರ; ಬರ್ಮಾದಲ್ಲಿ ಅದನ್ನು ಹೊಳೆಗೆ ಬಿಡುವ ಮುಂಚೆ ನಿಂತ ಮರದ ತೊಗಟೆಯನ್ನು ಸುತ್ತಲೂ ಕೆತ್ತಿ, ಒಣಗಿಸಿ ಕಡಿಯುತ್ತಿದ್ದುದು ಈ ಕಾರಣಕ್ಕೇ. ಇನ್ನು ಸುಡುವ ಒಲೆಯ ಮಾತು: ಅಲ್ಲಿ ಹೊಟ್ಟು ಬೇಡದ ಕಸವಾಗಿತ್ತು, ನಮ್ಮಲ್ಲಿ ಅದು ಮಾರಾಟದ ಸರಕು. ಹೋಟೆಲಿನ ಹೊಟ್ಟಿನ ಒಲೆಗೂ ಇಟ್ಟಿಗೆ ಭಟ್ಟಿಗೂ ಅದು ಹೋಗುತ್ತದೆ, ಸೀಳಿದ ಅಂಚುಗಳು ಉರುವಲಾಗಿ ತೂಕಕ್ಕೆ ಮಾರಾಟವಾಗುತ್ತವೆ. ಆದ್ದರಿಂದ ಕೊಳದ ಜಾಗದಲ್ಲಿ ಒಂದು ತಕ್ಕಡಿ, ಒಲೆಯ ಜಾಗದಲ್ಲಿ ತುಂಬಿ ಬಾಯಿ ಹೊಲಿದ ಗೋಣಿಚೀಲಗಳ ಸಾಲು ಇಟ್ಟರೆ ಮಾದರಿ ನಮ್ಮ ಊರಿನದಾಗುತ್ತದೆ.

ಸಾಗವಾನಿಯ ಮಿಲ್ಲನ್ನು ಸಾಗವಾನಿಯಿಂದಲೇ ಕಟ್ಟಬಹುದಲ್ಲವೆ?

ಕಟ್ಟಬಾರದು. ಸಾಗವಾನಿಯ ರಂಧ್ರಗಳು ದೊಡ್ಡವು, ಎಳೆಯೂ ದೊಡ್ಡದು. 1:87ರಲ್ಲಿ ಆ ರಂಧ್ರ ಒಂದು ಕೈ ತೂರುವ ಬಿರುಕಿನಂತೆ ಕಾಣುತ್ತದೆ. ಅದರಲ್ಲಿ ಸಹಜವಾಗಿರುವ ಎಣ್ಣೆಯಿಂದ ಅಂಟೂ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಮಾದರಿಕಾರರು ಎಲ್ಲೆಡೆ ಬಳಸುವುದು ಬಾಸ್‌ವುಡ್ ಎಂಬ ವಿದೇಶಿ ಕಟ್ಟಿಗೆ. ಅದರ ಎಳೆ ಸೂಕ್ಷ್ಮ, ಅಂಚು ಚೊಕ್ಕಟವಾಗಿ ಕತ್ತರಿಸುತ್ತದೆ. ಬಾಲ್ಸಾ ತೀರ ಮೆತ್ತಗೆ, ಬಣ್ಣ ತಾಗಿದೊಡನೆ ನೂಲು ಏಳುತ್ತದೆ. ಬಾಸ್‌ವುಡ್ ಸಿಗದಿದ್ದರೆ ಐಸ್‌ಕ್ರೀಮ್ ಕಡ್ಡಿ, ಪ್ಲೈವುಡ್ ಅಂಗಡಿಯ ವಿನೀರ್ ತುಣುಕು ನಡೆಯುತ್ತವೆ. ಗುಂಡುಕಂಬಗಳಿಗೆ ಊದುಬತ್ತಿಯ ಬಿದಿರುಕಡ್ಡಿ ಚೆನ್ನ.

ಬಣ್ಣ ಮೊದಲೋ, ಅಂಟು ಮೊದಲೋ?

ಯಾವಾಗಲೂ ಬಣ್ಣ ಮೊದಲು. ಫೆವಿಕಾಲ್‌ನಂಥ ಬಿಳಿ ಅಂಟು ಸೋಕಿದ ಕಡೆ ಬಣ್ಣ ಇಳಿಯುವುದಿಲ್ಲ, ಜೋಡಿಸಿದ ಮೇಲೆ ಪ್ರತಿ ಸಂದಿಯಲ್ಲೂ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಕಡ್ಡಿಗಳ ಎರಡೂ ಮುಖಕ್ಕೆ ಬಣ್ಣ ಹಚ್ಚಿ, ಮೇಲೆ ಭಾರ ಇಟ್ಟು ಒಣಗಿಸಿ; ಒಂದೇ ಮುಖ ಒದ್ದೆಯಾದರೆ ಕಡ್ಡಿ ಬಿಲ್ಲಿನಂತೆ ಬಾಗುತ್ತದೆ.

ಹಳೆಯ ಕಟ್ಟಿಗೆಯ ಬೂದಿಬಣ್ಣ ತರುವುದು ಹೇಗೆ?

ಮೊದಲು ಆ ಬಣ್ಣ ಏಕೆ ಬರುತ್ತದೆಂದು ತಿಳಿಯಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ಕಟ್ಟಿಗೆಯ ಮೇಲ್ಮೈಯಲ್ಲಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿಯುವ ಸೆಲ್ಯುಲೋಸ್ ಎಳೆಗಳು ಬೂದಿಬಣ್ಣಕ್ಕೆ ತಿರುಗುತ್ತವೆ. ಅಂದರೆ ಬಿಸಿಲು ಮತ್ತು ಮಳೆ ಎರಡೂ ತಾಗಿದ ಕಡೆ ಮಾತ್ರ ಕಟ್ಟಿಗೆ ಬೂದಿಯಾಗುತ್ತದೆ. ಚಾವಣಿಯ ಅಡಿಯ ತೊಲೆ, ಜಂತಿಗಳು ಎಷ್ಟೇ ಹಳತಾದರೂ ಕಂದಾಗಿ, ಧೂಳು ಮೆತ್ತಿಕೊಂಡು ಇರುತ್ತವೆ. ಇಡೀ ಮಾದರಿಯನ್ನು ಒಂದೇ ಬೂದಿನೀರಿನಲ್ಲಿ ಅದ್ದಿ ತೆಗೆದಂತೆ ಬಣ್ಣ ಹಚ್ಚುವುದನ್ನು ನಾನು ಬಹಳ ಕಡೆ ನೋಡುತ್ತೇನೆ. ಅದು ಹಳತು ಎನಿಸದೆ, ಕೇವಲ ಬಣ್ಣ ಎನಿಸುತ್ತದೆ.

ವಿಧಾನಗಳು ಎರಡು. ಒಂದು, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸುಮಾರು 1 ಮಿ.ಲೀ. ಕಪ್ಪು ಇಂಡಿಯನ್ ಇಂಕ್ ಬೆರೆಸಿ, ಪ್ರತಿ ಸಲವೂ ಕುಲುಕಿ ಹಚ್ಚುವುದು. ಒಂದು ಲೇಪನಕ್ಕೆ ತಿಳಿಬೂದಿ, ಮೂರನೆಯದಕ್ಕೆ ಮೋಡದ ಬಣ್ಣ ಬರುತ್ತದೆ. ಹಚ್ಚುವ ಮುನ್ನ ಹಿತ್ತಾಳೆಯ ತಂತಿಬ್ರಷ್ಷನ್ನು ಎಳೆಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆದು ಗೀರು ಮೂಡಿಸಿದರೆ ಶಾಯಿ ಆ ಗೀರಿನಲ್ಲಿ ತಂಗುತ್ತದೆ.

ಇನ್ನೊಂದು ವಿಧಾನದಲ್ಲಿ ನಿಜವಾದ ರಾಸಾಯನಿಕ ಕ್ರಿಯೆಯೇ ನಡೆಯುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಬಿಳಿ ವಿನೆಗರಿನಲ್ಲಿ ಕೆಲವು ದಿನ ನೆನೆಯಿಟ್ಟು ಬಟ್ಟೆಯಲ್ಲಿ ಸೋಸಿದರೆ ಕಬ್ಬಿಣದ ಅಸಿಟೇಟ್ ದ್ರವ ಸಿಗುತ್ತದೆ. ಸ್ಟೇನ್‌ಲೆಸ್ ನಾರು ಇದಕ್ಕೆ ಬಾರದು. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಈ ದ್ರವವು ಕಟ್ಟಿಗೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ಕೂಡಿ ಬೂದು-ಕಪ್ಪಾಗುತ್ತದೆ. ಬಾಸ್‌ವುಡ್ಡಿನಲ್ಲಿ ಟ್ಯಾನಿನ್ ಕಡಿಮೆಯಾದ್ದರಿಂದ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ ಒಣಗಿಸಿ, ಬಳಿಕ ಇದನ್ನು ಹಚ್ಚಬೇಕು. ಚಹಾ ಎಲ್ಲಿ ಹೆಚ್ಚು ತಾಗಿದೆಯೋ ಅಲ್ಲಿ ಬಣ್ಣ ಗಾಢವಾಗುವುದರಿಂದ ಹಲಗೆಯಿಂದ ಹಲಗೆಗೆ ತಾನಾಗಿಯೇ ವ್ಯತ್ಯಾಸ ಬರುತ್ತದೆ. ಹೊರಗಿನ ಹಲಗೆಗಳಿಗೆ ನಾನು ಇದನ್ನೇ ಮೇಲು ಎನ್ನುತ್ತೇನೆ.

ವೆದರಿಂಗ್ (ಮಳೆ, ಬಿಸಿಲು, ಬಳಕೆಯ ಗುರುತು ಮೂಡಿಸುವ ಕೆಲಸ) ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು?

ಒಂದು ಹಾಳೆಯ ಮೇಲೆ ಮಿಲ್ಲಿನ ನಕ್ಷೆ ಬರೆದು, ಪಶ್ಚಿಮ ದಿಕ್ಕಿಗೆ ಬಾಣ ಹಾಕುವುದರಿಂದ ಆರಂಭಿಸಿ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯ ಜೊತೆ ಪಶ್ಚಿಮದಿಂದ ಹೊಡೆಯುತ್ತದೆ. ಆ ಬದಿಯ ಕಂಬಗಳು ಬುಡದಲ್ಲಿ ಕಪ್ಪಾಗುತ್ತವೆ, ಕಲ್ಲಿಗೆ ಪಾಚಿ ಏರುತ್ತದೆ, ಹಲಗೆಯ ಬಣ್ಣ ತೊಳೆದು ಹೋಗುತ್ತದೆ. ಪೂರ್ವದ ಬದಿಯಲ್ಲಿ ಅದೇ ವಯಸ್ಸಿನ ಕಟ್ಟಿಗೆ ಇನ್ನೂ ಕಂದಾಗಿರುತ್ತದೆ. ವಿಜಯಪುರದ ಮಿಲ್ಲಿಗೆ ಇದು ತಿರುಗಾಮುರುಗಾ: ಅಲ್ಲಿ ಪಾಚಿ ಬಹುತೇಕ ಬೇಡ, ದಕ್ಷಿಣದ ಬಿಸಿಲಿಗೆ ಸುಟ್ಟು ಬಿರಿದ ಹಲಗೆಯೂ ಎಲ್ಲದರ ಮೇಲೆ ಕೂತ ಧೂಳೂ ಬೇಕು.

ಬಳಿಕ ಅದೇ ನಕ್ಷೆಯ ಮೇಲೆ ಚಾವಣಿಯ ನೀರು ಬೀಳುವ ಗೆರೆ ಎಳೆಯಿರಿ. ಆ ಗೆರೆಯಲ್ಲಿ ನೆಲದ ಸಣ್ಣ ಮಣ್ಣು ಕೊಚ್ಚಿಹೋಗಿ ಹರಳು ಮೇಲೆದ್ದಿರುತ್ತದೆ, ಅಲ್ಲಿಂದ ಸಿಡಿದ ಕೆಸರು ಕಂಬದ ಬುಡಕ್ಕೆ ಸುಮಾರು ಒಂದು ಅಡಿಯವರೆಗೆ ಕೆಂಪು ಪಟ್ಟಿ ಹಾಕಿರುತ್ತದೆ. 1:87ರಲ್ಲಿ ಅದು 3.5 ಮಿ.ಮೀ. ಮಾತ್ರ. ಪಟ್ಟಿಯ ಮೇಲಂಚು ಗೆರೆ ಎಳೆದಂತಿರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ತೆಳು ಮಣ್ಣುನೀರು ಅದ್ದಿ, ಬೆರಳಿಂದ ಕೆಳಗಿನಿಂದ ಮೇಲಕ್ಕೆ ಚಿಮುಕಿಸಿದರೆ ಮಳೆ ಮಾಡುವ ಕೆಲಸವನ್ನೇ ನೀವೂ ಮಾಡಿದಂತಾಗುತ್ತದೆ. ಆಮೇಲೆ ಬೆಲ್ಟ್ ಎಣ್ಣೆ ಸಿಡಿಸುವ ಜಾಗ, ದಿಮ್ಮಿ ಉರುಳಿಸುವಾಗ ಹಾರೆ ಊರುವ ಜಾಗ, ಮಾಲು ಎಣಿಸುವವರು ಒರಗುವ ಕಂಬ.

ನಕ್ಷೆಯಲ್ಲಿ ಕಾರಣ ಬರೆಯಲಾಗದ ಒಂದು ಕಲೆಯನ್ನೂ ಮಾದರಿಯ ಮೇಲೆ ಹಾಕಬೇಡಿ. ನಕ್ಷೆಯ ಗುರುತುಗಳು ಮುಗಿದಾಗ ಕೆಲಸವೂ ಮುಗಿಯಿತು. ನಡೆಯುತ್ತಿರುವ ಮಿಲ್ಲು ಪಾಳುಬಿದ್ದ ಮಿಲ್ಲಲ್ಲ. ಅಲ್ಲಿ ಹೊಸ ಮೊಳೆ, ಹೊಸ ಪಟ್ಟಿ, ನಿನ್ನೆ ಬದಲಾಯಿಸಿದ ಹಲಗೆ ಇದ್ದೇ ಇರುತ್ತವೆ.

ದಿಮ್ಮಿಗಳಿಗೆ ಯಾವ ಕಡ್ಡಿ ಬಳಸಬೇಕು?

ನಮ್ಮ ಸೀಮೆಯಲ್ಲಿ ಇದಕ್ಕೆ ಕೊರತೆಯಿಲ್ಲ. ಬೈಲಹೊಂಗಲ ಕಡೆಯ ಹತ್ತಿಕಟ್ಟಿಗೆ, ವಿಜಯಪುರದ ತೊಗರಿಕಟ್ಟಿಗೆ, ಬೇವಿನ ಒಣ ರೆಂಬೆ ಎಲ್ಲವೂ ನಡೆಯುತ್ತವೆ. ಹತ್ತಿ ಮತ್ತು ತೊಗರಿಯ ನಡುವಿನ ಬೆಂಡನ್ನು ಸೂಜಿಯಿಂದ ತೆಗೆದು, ಅಂಟು ಮತ್ತು ಕಟ್ಟಿಗೆ ಪುಡಿಯ ಮಿಶ್ರಣ ತುಂಬಿ ಉಜ್ಜಿಬಿಡಿ. ಹುಳು ಬಾರದಂತೆ ಚೆನ್ನಾಗಿ ಒಣಗಿಸಿ, ಮೇಲೆ ತೆಳು ವಾರ್ನಿಶ್ ಕೊಡಿ. ತೊಗಟೆಯ ವಿಷಯದಲ್ಲಿ ಮರ ಯಾವುದೆಂದು ತೋರಬೇಕು: ಸಾಗವಾನಿಯದು ತೆಳು, ಬೂದುಗಂದು, ಉದ್ದಕ್ಕೆ ಸಣ್ಣ ಸೀಳುಗಳು, ಮತ್ತಿಯದು ಮೊಸಳೆ ಬೆನ್ನಿನಂತೆ ಆಳವಾಗಿ ಚೌಕಚೌಕ ಒಡೆದದ್ದು, ನಂದಿಯದು ನುಣುಪು, ತಿಳಿಬಣ್ಣ.

ಗಾತ್ರವನ್ನು ಕಣ್ಣಂದಾಜಿನಿಂದ ಮಾಡಬೇಡಿ. ವ್ಯಾಪಾರದಲ್ಲಿ ದಿಮ್ಮಿಯ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ ಘನ ಅಡಿ ಲೆಕ್ಕ ಹಾಕುತ್ತಾರೆ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಹೀಗೆ 10 ಘನ ಅಡಿ. ಎಚ್‌ಒ ಅಳತೆಯಲ್ಲಿ ಅದು 35 ಮಿ.ಮೀ. ಉದ್ದ, ಸುಮಾರು ನಾಲ್ಕೂವರೆ ಮಿ.ಮೀ. ದಪ್ಪದ ಕಡ್ಡಿ, 1:48ರಲ್ಲಿ ಸುತ್ತಳತೆ ಸರಿಯಾಗಿ ಒಂದು ಇಂಚು.

ಕೊಯ್ದ ತುದಿಯ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಸಾಗವಾನಿಯ ತುದಿಯಲ್ಲಿ ಹೊರಗೆ ತಿಳಿಹಳದಿಯ ಬಳೆ, ಒಳಗೆ ಹೊಂಗಂದಿನ ತಿರುಳು, ನಡುವಿನಿಂದ ಹೊರಗೆ ಹೋಗುವ ಒಂದೆರಡು ಬಿರುಕು. ಅದರ ಮೇಲೆ ಅರಣ್ಯ ಇಲಾಖೆಯ ಸುತ್ತಿಗೆಯ ಗುಂಡು ಅಚ್ಚು, ಬಣ್ಣದಲ್ಲಿ ಬರೆದ ಸಂಖ್ಯೆ ಇರುತ್ತವೆ. ರಿಫಿಲ್ಲಿನ ಖಾಲಿ ತುದಿಯನ್ನು ಒತ್ತಿದರೆ ಅಚ್ಚು ಬರುತ್ತದೆ. ಸಂಖ್ಯೆಗಳನ್ನು 1:87ರಲ್ಲಿ ಬರೆಯಲು ಹೋಗದೆ, ಮೊನೆಯಾದ ಬಿಳಿ ಪೆನ್ಸಿಲ್ಲಿನಿಂದ ಮೂರು ನಾಲ್ಕು ಗೀರು ಎಳೆದರೆ ಕಣ್ಣು ಅದನ್ನು ಸಂಖ್ಯೆಯೆಂದೇ ಓದಿಕೊಳ್ಳುತ್ತದೆ.

ಯಂತ್ರಗಳನ್ನು ಹೇಗೆ ಮಾಡುವುದು?

ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸ), ಅದರ ಟ್ರಾಲಿ ಮತ್ತು ಹಳಿ, ಒಂದು ಸರ್ಕ್ಯುಲರ್ ಸಾ (ದುಂಡು ಗರಗಸ) ಮೇಜು, ಮೋಟಾರು ಅಥವಾ ಆಯಿಲ್ ಎಂಜಿನ್, ಹಲ್ಲು ಸಾಣೆ ಹಿಡಿಯುವ ಮೂಲೆ: ಇಷ್ಟಿದ್ದರೆ ಮಿಲ್ಲು ನಡೆಯುತ್ತದೆ. 42 ಇಂಚಿನ ಚಕ್ರ ಎಚ್‌ಒದಲ್ಲಿ 12 ಮಿ.ಮೀ.ಗೆ ತುಸು ಹೆಚ್ಚು, 1:48ರಲ್ಲಿ 22 ಮಿ.ಮೀ. ನಿಂತ ಬ್ಯಾಂಡ್ ಸಾದ ಕೆಳಗಿನ ಚಕ್ರ ನೆಲದೊಳಗಿನ ಗುಂಡಿಯಲ್ಲಿ ಇರುವುದನ್ನು ಮರೆಯದೆ, ನೆಲವನ್ನು ಮೊದಲೇ ಕೊರೆದಿಡಬೇಕು. ಬೆಲ್ಟಿಗೆ ಕಂದು ಕಾಗದದ ಪಟ್ಟಿ ಸಾಕು. ಬಿಗಿ ಬದಿ ನೇರ, ಸಡಿಲ ಬದಿ ತುಸು ಜೋತಿರಲಿ. ಓಡುವ ಗರಗಸಕ್ಕೆ ತುಕ್ಕು ಹಚ್ಚಬೇಡಿ. ಗರಗಸದ ಹಲ್ಲು, ಹಳಿಯ ನೆತ್ತಿ, ಚಕ್ರದ ಅಂಚು ದಿನವೂ ತಿಕ್ಕಿ ಬೆಳ್ಳಗಿರುತ್ತವೆ. ತುಕ್ಕು ಇರುವುದು ಎರಕದ ದೇಹದ ಬಣ್ಣ ಹಾರಿದ ಮೂಲೆಗಳಲ್ಲಿ, ಎಣ್ಣೆ ಕುಡಿದ ಹೊಟ್ಟಿನ ಕಪ್ಪು ಗಸಿ ಇರುವುದು ಬೇರಿಂಗಿನ ಕೆಳಗೆ. ಎರಕದ ಮೇಲ್ಮೈ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕಾದರೆ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿರುವ ನಮ್ಮ ಬೆಳಗಾವಿಗಿಂತ ಒಳ್ಳೆಯ ಜಾಗವಿಲ್ಲ.

ಪತ್ರಾಸದ ಚಾವಣಿ ಮಾಡಲು ಸುಲಭದ ದಾರಿ ಇದೆಯೆ?

ಇದೆ, ಅದಕ್ಕೆ ಬೇಕಾದ್ದು ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಆಟೆಯುಳ್ಳ (ತಿರುಪಿನ ಗೆರೆಯುಳ್ಳ) ಸಲಾಕೆ. ತಗಡಿನ ಪತ್ರಾಸದಲ್ಲಿ ಉಬ್ಬಿನಿಂದ ಉಬ್ಬಿಗೆ ಸುಮಾರು 75 ಮಿ.ಮೀ.; ಎಚ್‌ಒದಲ್ಲಿ 0.86 ಮಿ.ಮೀ. ಎಂ5, ಅಂದರೆ 5 ಮಿ.ಮೀ. ದಪ್ಪದ ಸಲಾಕೆಯ ಆಟೆಯ ಅಂತರ 0.8 ಮಿ.ಮೀ. 1:48ಕ್ಕೆ 1.56 ಬೇಕು, ಎಂ10 ಸಲಾಕೆಯದು 1.5. ಸಿಮೆಂಟ್ ಪತ್ರಾಸದ ಉಬ್ಬು 146 ಮಿ.ಮೀ. ಅಂತರದ್ದು, ಎಚ್‌ಒದಲ್ಲಿ 1.68, ಎಂ12 ಸಲಾಕೆಯ 1.75 ಅದಕ್ಕೆ ಹೊಂದುತ್ತದೆ. ಹೋಟೆಲ್ ಪಾರ್ಸೆಲ್ಲಿನ ಅಲ್ಯುಮಿನಿಯಂ ಡಬ್ಬಿಯ ತಳವನ್ನು ಕತ್ತರಿಸಿ, ರಬ್ಬರ್ ಹಾಳೆಯ ಮೇಲಿಟ್ಟು, ಸಲಾಕೆಯನ್ನು ಲಟ್ಟಣಿಗೆಯಂತೆ ಹಗುರ ಒತ್ತಡದಲ್ಲಿ ಒಮ್ಮೆ ಮಾತ್ರ ಉರುಳಿಸಿ. ಆಟೆ ಓರೆಯಾದ್ದರಿಂದ ಗೆರೆಗಳೂ ತುಸು ಓರೆ ಬರುತ್ತವೆ. ಗೆರೆಗೆ ಸಮನಾಗಿ ಅಂಚು ಕತ್ತರಿಸಿಕೊಂಡರೆ ಸರಿಯಾಯಿತು.

ಹೊದಿಸುವುದು ಕೆಳಗಿನ ಸಾಲಿನಿಂದ. ಮೇಲಿನ ತಗಡು ಕೆಳಗಿನದರ ಮೇಲೆ ಸುಮಾರು 150 ಮಿ.ಮೀ., ಎಚ್‌ಒದಲ್ಲಿ 1.7 ಮಿ.ಮೀ. ಹಾಯ್ದಿರಲಿ. ಬೋಲ್ಟು ಯಾವಾಗಲೂ ಉಬ್ಬಿನ ಮೇಲೆ, ತಗ್ಗಿನಲ್ಲಿ ಹೊಡೆದರೆ ನೀರು ಸೋರುತ್ತದೆ. ತುಕ್ಕು ಹುಟ್ಟುವುದೂ ಆ ಬೋಲ್ಟಿನ ತೂತು, ಕತ್ತರಿಸಿದ ಅಂಚು, ಒಂದರ ಮೇಲೊಂದು ಹಾಯ್ದು ನೀರು ನಿಲ್ಲುವ ಜಾಗಗಳಲ್ಲಿ, ಅಲ್ಲಿಂದ ತಗ್ಗುಗಳ ಗುಂಟ ಕೆಳಗಿಳಿಯುತ್ತದೆ. ಪ್ರೈಮರ್ ಕೊಟ್ಟು, ಮಂಕಾದ ಸತುವಿನ ಬಣ್ಣ ಹಚ್ಚಿ, ಮೇಲೆ ಸ್ಪಂಜಿನಿಂದ ಗಾಢ ಕಂದು ಬಡಿಯಿರಿ. ಕಿತ್ತಳೆ ಬಣ್ಣ ಹೊಸ ತುಕ್ಕಿನದು, ಅದು ಎಳ್ಳಷ್ಟು ಸಾಕು. ಒಂದೆರಡು ತಗಡುಗಳನ್ನು ಬೇರೆ ವಯಸ್ಸಿನವಾಗಿ ಮಾಡುವುದರಿಂದ ಚಾವಣಿಗೆ ಜೀವ ಬರುತ್ತದೆ.

ಅಲ್ಯುಮಿನಿಯಂ ಹಾಳೆಯನ್ನು ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ತೂತು ಬೀಳಿಸುವ ವಿಧಾನವೂ ಪ್ರಸಿದ್ಧ. ಆದರೆ ಆ ಕ್ರಿಯೆಯಲ್ಲಿ ವಿಪರೀತ ಬಿಸಿಯೂ ಹೊಗೆಯೂ ಏಳುತ್ತವೆ, ತಾಗಿದ ಬಟ್ಟೆ, ನೆಲ ಎರಡೂ ಕಲೆಯಾಗುತ್ತವೆ. ಮನೆಯೊಳಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹಂಚಿನ ಚಾವಣಿ ಆಗದೆ?

ಧಾರಾಳವಾಗಿ ಆಗುತ್ತದೆ. ಮಣ್ಣಿನ ಕೆಲಸಕ್ಕೆ ಹೆಸರಾದ ಖಾನಾಪುರಕ್ಕೆ ಹಂಚು ಹೆಚ್ಚು ಒಪ್ಪುತ್ತದೆ. ಮಂಗಳೂರು ಹಂಚಿನ ಉದ್ದ ಸುಮಾರು 410 ಮಿ.ಮೀ., ಅಗಲ 235, ಎಚ್‌ಒದಲ್ಲಿ 4.7 ಮತ್ತು 2.7 ಮಿ.ಮೀ. ಪ್ರತಿ ಹಂಚನ್ನು ಬಿಡಿಯಾಗಿ ಮಾಡದೆ ಸಾಲುಪಟ್ಟಿಯಾಗಿ ಕತ್ತರಿಸಿ, ಬಣ್ಣವನ್ನು ಮಾತ್ರ ಬಿಡಿಬಿಡಿಯಾಗಿ ಬದಲಿಸಿ.

ಹೊಟ್ಟಿಗೆ ನಿಜವಾದ ಹೊಟ್ಟನ್ನೇ ಹಾಕಿದರೆ ಸಾಲದೆ?

ಮಿಲ್ಲಿನ ಹೊಟ್ಟು ಮಾದರಿಯಲ್ಲಿ ಕಟ್ಟಿಗೆಯ ತುಂಡುಗಳಂತೆ ಕಾಣುತ್ತದೆ. ಬಡಗಿಯವರು ನುಣ್ಣನೆಯ ಸ್ಯಾಂಡ್‌ಪೇಪರಿನಿಂದ ಉಜ್ಜಿದಾಗ ಬೀಳುವ ಪುಡಿಯನ್ನು ಕೇಳಿ ತಂದು, ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಗುಡ್ಡೆಯ ಒಳಭಾಗವನ್ನು ಥರ್ಮೊಕೋಲಿನಿಂದ ಮಾಡಿ, ಒಂದು ಪಾಲು ಬಿಳಿ ಅಂಟಿಗೆ ನಾಲ್ಕು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಪುಡಿ ಹಿಡಿಸಿ. ಅಂಟು ಕುಡಿದ ಹೊಟ್ಟು ಕಪ್ಪಾಗುತ್ತದೆ, ಅದು ಹಳೆಯ ಹೊಟ್ಟಿನ ಬಣ್ಣಕ್ಕೆ ಸರಿಹೋಗುತ್ತದೆ. ಮೇಲೆ ಒಣಪುಡಿ ಉದುರಿಸಿದರೆ ಇಂದಿನ ಹೊಟ್ಟು. ಗರಗಸದ ಪಕ್ಕದ ತೊಲೆಗಳ ಮೇಲ್ಮುಖಕ್ಕೂ ಜೇಡರ ಬಲೆ ಇರಬಹುದಾದ ಮೂಲೆಗಳಿಗೂ ಒಂದು ಚಿಟಿಕೆ ಊದಿ.

ನೆಲಕ್ಕೆ ಯಾವ ಮಣ್ಣು?

ಖಾನಾಪುರಕ್ಕೆ ಕೆಮ್ಮಣ್ಣು, ವಿಜಯಪುರ ಮತ್ತು ಬಾಗಲಕೋಟೆಗೆ ಎರೆಮಣ್ಣು. ಆಯಾ ಜಾಗದ್ದನ್ನೇ ತಂದು, ಬಾಣಲೆಯಲ್ಲಿ ಹುರಿದು, ಜರಡಿ ಹಿಡಿದು ಬಳಸಿ. ಅಂಟು ತಾಗಿದಾಗ ಮಣ್ಣಿನ ಬಣ್ಣ ಗಾಢವಾಗುವುದರಿಂದ ಸ್ವಲ್ಪ ಬಿಳಿ ಸೀಮೆಸುಣ್ಣದ ಪುಡಿ ಬೆರೆಸುವುದು ಒಳ್ಳೆಯದು. ಲಾರಿಯ ಚಕ್ರದ ಜಾಡನ್ನು ಮಣ್ಣು ಹಸಿಯಿರುವಾಗಲೇ ಒತ್ತಬೇಕು.

ಪುಡಿಬಣ್ಣ ಹಚ್ಚಿ ವಾರ್ನಿಶ್ ಹೊಡೆದ ಮೇಲೆ ಎಲ್ಲವೂ ಮಾಯವಾಗುತ್ತದೆ. ಪರಿಹಾರವೇನು?

ಪೇಸ್ಟಲ್ (ಸೀಮೆಸುಣ್ಣದಂಥ ಬಣ್ಣದ) ಕಡ್ಡಿಯ ಪುಡಿಗೆ, ಅದರಲ್ಲೂ ಬಿಳಿ ಮತ್ತು ತಿಳಿ ಬಣ್ಣಗಳಿಗೆ, ಇದು ಸಹಜ. ಮೊದಲು ಮ್ಯಾಟ್ ವಾರ್ನಿಶ್ ಕೊಟ್ಟು ಮೇಲ್ಮೈಗೆ ಒರಟುತನ ತಂದು, ಅದರ ಮೇಲೆ ಪುಡಿ ಹಚ್ಚಿ, ಕೈ ತಾಗದ ಜಾಗಗಳನ್ನು ಹಾಗೆಯೇ ಬಿಡಿ. ಕೈ ತಾಗುವ ಕಡೆ ಬೇಕಾದ್ದಕ್ಕಿಂತ ಹೆಚ್ಚು ಹಚ್ಚಿ ದೂರದಿಂದ ಒಂದು ತೆಳು ಪದರ ಕೊಡಿ. ರಂಗೋಲಿ ಪುಡಿ ಇದಕ್ಕೆ ಆಗಿಬರುವುದಿಲ್ಲ, ಅದರ ಕಣ ದೊಡ್ಡದು.

ಬೆಳಗಾವಿಯ ಮಳೆಗಾಲದಲ್ಲಿ ಯಾವ ಕೆಲಸ ಮಾಡಬಾರದು?

ಸ್ಪ್ರೇ ವಾರ್ನಿಶ್. ಗಾಳಿಯ ತೇವ ಒಣಗುತ್ತಿರುವ ಪದರದಲ್ಲಿ ಸಿಕ್ಕಿಕೊಂಡು ಬಿಳಿ ಮಂಜು ಕವಿಯುತ್ತದೆ. ಸಾಲ್ವೆಂಟ್ ವಾರ್ನಿಶ್ಶಿನ ಮೇಲೆ ಆಲ್ಕೊಹಾಲ್ ಹಚ್ಚಿದಾಗಲೂ ಹೀಗೇ ಆಗುತ್ತದೆ. ಬಿಸಿಲಿಗೆ ಮಂಕಾದ ಹಲಗೆ ತೋರಿಸಲು ಬೇಕೆಂದೇ ಹಾಗೆ ಮಾಡುವವರೂ ಇದ್ದಾರೆ. ಜುಲೈ, ಆಗಸ್ಟಿನಲ್ಲಿ ದಿಮ್ಮಿ, ಯಂತ್ರ, ಪತ್ರಾಸದ ಕೆಲಸ ಮಾಡಿಕೊಂಡು, ಜೋಡಣೆ ಮತ್ತು ವಾರ್ನಿಶ್ಶನ್ನು ದಸರೆಯ ನಂತರಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ಮನುಷ್ಯರ ಗೊಂಬೆಗಳು ಬೇಕೆ?

ಬೇಕು, ಕಡಿಮೆ ಇರಲಿ. ಐದೂವರೆ ಅಡಿಯ ಆಳು ಎಚ್‌ಒದಲ್ಲಿ 19 ಮಿ.ಮೀ. ವಿದೇಶಿ ಗೊಂಬೆಗಳ ಹ್ಯಾಟನ್ನು ಅರದಿಂದ ತೆಗೆದು, ತೆಳು ಟಿಶ್ಯೂ ಕಾಗದವನ್ನು ಅಂಟಿನಲ್ಲಿ ಅದ್ದಿ ರುಮಾಲು ಸುತ್ತಿ. ಓಡುವ ಭಂಗಿಯ ಗೊಂಬೆಗಿಂತ ಭಾರ ಹೊತ್ತು ನಿಂತ, ದಿಮ್ಮಿಗೆ ಒರಗಿದ ಗೊಂಬೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಬಹುದೆ?

ದೀಪಾವಳಿಗೆ ಓಣಿ ಓಣಿಯಲ್ಲಿ ಮಣ್ಣಿನ ಕಿಲ್ಲಾ ಕಟ್ಟುವ ಬೆಳಗಾವಿಯ ಮಕ್ಕಳಿಗೆ ಇಳಿಜಾರು, ಮೆಟ್ಟಿಲು, ಬುರುಜು ಎಲ್ಲವೂ ಕೈಯಲ್ಲೇ ಇವೆ. ಅವರಿಗೆ ನೆಲ, ದಿಮ್ಮಿರಾಶಿ, ಹೊಟ್ಟಿನ ಕೆಲಸ ಕೊಡಿ. ಬ್ಲೇಡು, ಫೆವಿಕ್ವಿಕ್, ಆಲ್ಕೊಹಾಲ್ ದೊಡ್ಡವರ ಕೈಯಲ್ಲಿರಲಿ. ಆಲ್ಕೊಹಾಲ್ ಇರುವ ಕೋಣೆಯಲ್ಲಿ ದೀಪವಾಗಲಿ ಊದುಬತ್ತಿಯಾಗಲಿ ಬೇಡ. ಕಟ್ಟಿಗೆಯ ಸಣ್ಣ ಧೂಳು ಉಸಿರಿಗೆ ಹೋಗುವುದು ಅಪಾಯ, ಸಾಗವಾನಿಯ ಧೂಳಿಗೆ ಕೆಲವರ ಚರ್ಮವೂ ಕೆರೆಯುತ್ತದೆ, ಆದ್ದರಿಂದ ಉಜ್ಜುವಾಗ ಎಲ್ಲರೂ ಮಾಸ್ಕ್ ಕಟ್ಟಿಕೊಳ್ಳಬೇಕು.

ಮಾದರಿಯನ್ನು ಪ್ರದರ್ಶನಕ್ಕೆ ಒಯ್ಯುವುದು ಹೇಗೆ?

ಚಾವಣಿಯನ್ನು ಅಂಟಿಸದೆ, ಎತ್ತಿ ತೆಗೆಯುವಂತೆ ಮಾಡಿಕೊಂಡಿದ್ದರೆ ಅರ್ಧ ಕಷ್ಟ ತಪ್ಪುತ್ತದೆ. ತಳಕ್ಕೆ 12 ಮಿ.ಮೀ. ಪ್ಲೈವುಡ್ ಹಾಕಿ, ನಾಲ್ಕು ಮೂಲೆಗೆ ತಿರುಪು ಕೊಟ್ಟು ಪೆಟ್ಟಿಗೆಯ ತಳಕ್ಕೆ ಬಿಗಿಯಿರಿ; ಮಾದರಿಯ ಸುತ್ತ ಹತ್ತಿ, ಥರ್ಮೊಕೋಲ್ ತುರುಕಿದರೆ ಕಂಬಗಳೇ ಮುರಿಯುತ್ತವೆ. ಬಿಡಿ ದಿಮ್ಮಿ ಮತ್ತು ಗೋಣಿಚೀಲಗಳನ್ನು ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಮೇಲುದುರಿಸಿದ ಒಣಹೊಟ್ಟು ದಾರಿಯಲ್ಲಿ ಯಂತ್ರದೊಳಗೆ ಸೇರಿಕೊಳ್ಳುವುದರಿಂದ ಅದನ್ನು ಹೊರಡುವ ಮುಂಚೆ ಮೆತ್ತನೆಯ ಬ್ರಷ್ಷಿನಿಂದ ತೆಗೆದು ಚಿಕ್ಕ ಶೀಶೆಯಲ್ಲಿ ಇಟ್ಟುಕೊಳ್ಳಿ, ಮಾದರಿ ಮೇಜಿನ ಮೇಲೆ ಕೂತ ಬಳಿಕ ಅಲ್ಲಿಯೇ ಉದುರಿಸಿ.